ಇಪ್ಪತ್ತೇಳು ತಿದ್ದುಪಡಿ

ಮೂವತ್ತಮೂರು ವರ್ಷ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದುಕೊಂಡ ವಸಂತಕುಮಾರನಿಗೆ ತನ್ನದೇ ಒಂದು ತಪ್ಪು ಸಿಕ್ಕಿದ್ದು ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ಕರಕ್ ಚಹಾದ ಎರಡನೇ ಗುಟುಕಿನಲ್ಲಿ. ಅಷ್ಟು ಹೊತ್ತಿಗೆ ಆ ತಪ್ಪಿಗೆ ನೀಲಿ ರಟ್ಟು ಹಾಕಿ, ರೇಷ್ಮೆ ದಾರದಲ್ಲಿ ಹೊಲಿದು, ಎರಡು ದೇಶಗಳ ಅರಗಿನ ಮುದ್ರೆ ಒತ್ತಿ, ಬಹರೈನಿನ ಸೀಫ್ ಕಡೆಯ ಹೋಟೆಲೊಂದಕ್ಕೆ ಸಾಗಿಸಿ ಆಗಿತ್ತು.

ಈ ಮೂವತ್ತಮೂರರಲ್ಲಿ ಮೊದಲ ಇಪ್ಪತ್ತೆರಡು ವರ್ಷ ಉಡುಪಿಯ ಒಂದು ಮುದ್ರಣಾಲಯದ್ದು. ಉಳಿದ ಹನ್ನೊಂದು ಬಹರೈನಿನ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ, ಉಳ್ಳಾಲದ ಅಬ್ದುಲ್ಲ ಎಂಬವರ ಟೈಪಿಂಗ್, ಪ್ರಿಂಟಿಂಗ್ ಮತ್ತು ಬೈಂಡಿಂಗ್ ಅಂಗಡಿಯದ್ದು. ಮೇಲಿನ ಮಹಡಿಗಳಲ್ಲಿ ಬ್ಯಾಂಕುಗಳು, ವಕೀಲರು, ಒಂದೆರಡು ರಾಯಭಾರ ಕಚೇರಿಗಳು. ಅವರೆಲ್ಲರ ಕಾಗುಣಿತವನ್ನು ನೆಲಮಾಳಿಗೆಯಲ್ಲಿ ಕೂತು ಕಾಯುವವನು ವಸಂತಕುಮಾರ. ಅಂಗಡಿಯಲ್ಲಿ ಅವನಿಗೆ ಮಾಷ್ಟ್ರೆ ಎಂದು ಹೆಸರು. ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ಆದರೆ ಹೋಟೆಲಿನ ಮೆನುವನ್ನೂ ಪೆನ್ನು ಹಿಡಿದು ಓದುವ ಮನುಷ್ಯನನ್ನು ಬೇರೆ ಏನೆಂದು ಕರೆಯುವುದು?

ಅಂಗಡಿಗೆ ಸೋಮವಾರ ಬಂದ ಕೆಲಸ ಅಂಥಿಂಥದ್ದಲ್ಲ. ಆಫ್ರಿಕದ ಎರಡು ನೆರೆ ದೇಶಗಳು ಆರು ವರ್ಷ ಹೊಡೆದಾಡಿ, ರಾಯಭಾರಿಗಳನ್ನು ವಾಪಸು ಕರೆಸಿಕೊಂಡು, ನಡುವಿನ ನದಿಯ ಸೇತುವೆಯನ್ನು ಎರಡೂ ತುದಿಯಿಂದ ಒಡೆದು ಹಾಕಿ, ಈಗ ಮೂರು ವಾರದಿಂದ ಬಹರೈನಿನ ಹೋಟೆಲಿನಲ್ಲಿ ಕೂತು ಮಾತಾಡುತ್ತಿದ್ದವು. ಬಹರೈನೇ ಯಾಕೆಂದರೆ ಇಬ್ಬರಿಗೂ ಇಲ್ಲಿ ನೆಂಟರಿರಲಿಲ್ಲ, ಇಬ್ಬರಿಗೂ ಇಲ್ಲಿ ಜಗಳವಿರಲಿಲ್ಲ. ಮಾತು ಮುಗಿದಿತ್ತು. ಒಪ್ಪಂದದ ಎರಡು ಅಂದವಾದ ಪ್ರತಿ ಆಗಬೇಕಿತ್ತು. ಮಧ್ಯಸ್ಥಿಕೆಯವರು ಕೆಲಸವನ್ನು ಅಬ್ದುಲ್ಲರ ಅಂಗಡಿಗೆ ಕಳಿಸಿದರು; ಎರಡೂ ಕಡೆಯವರ ಪೆನ್‌ಡ್ರೈವ್ ಒಂದರ ಹಿಂದೊಂದು ಬಂತು.

"ಒಂದು ಮಾತು," ಎಂದು ಅಬ್ದುಲ್ಲ ಷಟರ್ ಅರ್ಧ ಎಳೆದು ಹೇಳಿದರು. "ಸಹಿ ಆಗುವವರೆಗೆ ಆ ದೇಶಗಳ ಹೆಸರು ಇಲ್ಲಿ ಯಾರೂ ಬಾಯಲ್ಲಿ ಹೇಳುದು ಬೇಡ. ಚಾ ತರುವವನ ಎದುರೂ ಬೇಡ."

"ಮತ್ತೆ ಎಂತ ಹೇಳುದು? ಒಂದನೇ ನಂಬ್ರ, ಎರಡನೇ ನಂಬ್ರ ಅಂತಲಾ?" ಎಂದಳು ರೋಜಿ. ಕಂಪ್ಯೂಟರಿನ ಮುಂದೆ ಕೂರುವವಳು ಅವಳೇ, ಕಲ್ಯಾಣಪುರದವಳು.

ನದಿಯ ಪೂರ್ವಕ್ಕೆ ಒಂದು ದೇಶ, ಪಶ್ಚಿಮಕ್ಕೆ ಒಂದು. ಊರಿನ ಲೆಕ್ಕದಲ್ಲಿ ಮೂಡು ಮತ್ತು ಪಡು ಎಂದು ವಸಂತಕುಮಾರ ತೀರ್ಮಾನ ಕೊಟ್ಟ. ಅಂದಿನಿಂದ ಅಂಗಡಿಯಲ್ಲಿ ಅವು ಮೂಡುದೇಶ, ಪಡುದೇಶ. ಯಾರಿಗೂ ಗೊತ್ತಾಗದ ಈ ಗುಪ್ತನಾಮ ರೋಜಿಗೆ ಎಷ್ಟು ಹಿಡಿಸಿತೆಂದರೆ ಅವಳು ಫೈಲುಗಳಿಗೂ ಅದೇ ಹೆಸರಿಟ್ಟಳು.

ಪಡುವಿನ ಕಡೆಯಿಂದ ಕೆಲಸ ನೋಡಿಕೊಳ್ಳಲು ಬಂದವಳು ವಿದೇಶಾಂಗ ಕಚೇರಿಯ ಸಲೋಮೆ ಮಕೇಲಿ, ನಲವತ್ತರ ಆಚೀಚಿನ ಹೆಂಗಸು. ಮೂಡಿನ ಕಡೆಯಿಂದ ಒಬ್ಬ ಕ್ಯಾಪ್ಟನ್. ಕಾಗದದೊಂದಿಗೆ ಯಾರೊಬ್ಬರೂ ಒಂಟಿಯಾಗಿ ಇರಕೂಡದೆಂಬ ಕರಾರಿನ ಮೇಲೆ ಇಬ್ಬರೂ ಜತೆಯಾಗಿ ಬಂದರು, ಜತೆಯಾಗಿ ಹೋದರು. ಕೂತದ್ದು ಮಾತ್ರ ಅಂಗಡಿಯ ಎರಡು ತುದಿಗೆ, ನಡುವೆ ಫೋಟೋಕಾಪಿ ಯಂತ್ರವನ್ನು ಗಡಿಯಾಗಿ ಇಟ್ಟುಕೊಂಡು. ಮೂರು ದಿನದಲ್ಲಿ ಅವರು ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ.

"ಎರಡು ಪ್ರತಿ," ಎಂದು ಸಲೋಮೆ ಇಂಗ್ಲಿಷಿನಲ್ಲಿ ಹೇಳಿದಳು. "ಒಂದು ಅವರ ದೇಶದಲ್ಲಿರುತ್ತದೆ, ಒಂದು ನಮ್ಮಲ್ಲಿ. ಎರಡಕ್ಕೂ ಒಂದಕ್ಷರದ ವ್ಯತ್ಯಾಸ ಇರಬಾರದು. ಅಲ್ಪವಿರಾಮವೊಂದು ತಪ್ಪಿದರೆ ಅದರ ಮೇಲೆ ಇನ್ನೊಂದು ಯುದ್ಧ ಮಾಡುವ ಜನ ನಾವು."

ವಸಂತಕುಮಾರನಿಗೆ ಜೀವನದಲ್ಲಿ ಮೊದಲ ಸಲ ತನ್ನ ಭಾಷೆಯಲ್ಲಿ ಮಾತಾಡುವ ಗಿರಾಕಿ ಸಿಕ್ಕಿದಂತಾಯಿತು.

ಬುಧವಾರ ಓದು ಶುರುವಾಯಿತು. ಪ್ರೂಫ್ ನೋಡುವುದಕ್ಕೆ ಇಬ್ಬರು ಬೇಕು: ಒಬ್ಬರು ಒಂದು ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಇನ್ನೊಂದನ್ನು ಹಿಡಿದು ಕಣ್ಣಾಡಿಸುವುದು. ರೋಜಿ ವಿರಾಮಚಿಹ್ನೆ ಸಮೇತ ಓದಿದಳು, ಜಪಮಾಲೆ ತಿರುಗಿಸುವ ರಾಗದಲ್ಲಿ. ಆ ರಾಗದಲ್ಲಿ ಬಂದ ಮಾತುಗಳು ಮಾತ್ರ ಜಪಮಾಲೆಯದ್ದಲ್ಲ. ಸಹಿಯಾದ ಗಳಿಗೆಯಿಂದ ಗುಂಡು ಹಾರಿಸುವುದು ನಿಲ್ಲತಕ್ಕದ್ದು. ರಾಯಭಾರ ಕಚೇರಿಗಳ ಬಾಗಿಲು ಮೂವತ್ತು ದಿನದೊಳಗೆ ತೆರೆಯತಕ್ಕದ್ದು. ನದಿಯ ಎರಡೂ ದಡದಲ್ಲಿ ಬೇರೆ ಆಫ್ರಿಕದ ದೇಶಗಳ ಶಾಂತಿಪಾಲಕರು ನಿಲ್ಲತಕ್ಕದ್ದು. ಸೆರೆಯಾಳುಗಳು ಮನೆಗೆ ಹೋಗತಕ್ಕದ್ದು.

ವಸಂತಕುಮಾರ ಪೆನ್ನು ಕೆಳಗಿಟ್ಟ. ಉಡುಪಿಯಲ್ಲಿ ಅವನು ನೋಡಿದ್ದು ಬಹುಪಾಲು ಮದುವೆಯ ಕಾಗದ. ಅದರಲ್ಲಿ ಬರುವ ಅತಿ ಬಲವಾದ ಕ್ರಿಯಾಪದ 'ಆಗಮಿಸಿ' ಎಂಬುದು. ಅದಕ್ಕೂ ಅರ್ಧ ಜನ ಬರುವುದಿಲ್ಲ. ಇಲ್ಲಿ ಕ್ರಿಯಾಪದ ಬಂತೆಂದರೆ ಫಿರಂಗಿ ಸುಮ್ಮನಾಗುತ್ತಿತ್ತು.

"ವಸಂತಣ್ಣ, ಇಲ್ಲಿ ನೋಡಿ," ರೋಜಿ ನಿಲ್ಲಿಸಿದಳು. "ಈ ಕಾಪಿಯಲ್ಲಿ ಪಡು ಮತ್ತು ಮೂಡು ಅಂತ ಉಂಟು. ನಿಮ್ಮದರಲ್ಲಿ?"

"ಮೂಡು ಮತ್ತು ಪಡು."

"ಕೆಳಗೆ ಪುನಃ ಹಾಗೇ ಉಂಟು."

"ಟೈಪ್ ಮಾಡಿದವನ ಮಂಡೆ ಬೇರೆಲ್ಲೋ ಇತ್ತು. ಯಾವ ಪೆನ್‌ಡ್ರೈವ್ ಮೊದಲು ಬಂದದ್ದು?"

"ಮೂಡಿನವರದ್ದು."

"ಹಾಗಾದ್ರೆ ಅದೇ ಮೂಲ. ಪಡುವಿನದ್ದನ್ನು ಅದರ ಹಾಗೆ ತಿದ್ದು."

ಅಂಥವು ಇಪ್ಪತ್ತೇಳು ಸಿಕ್ಕವು. ಇಪ್ಪತ್ತೇಳನ್ನೂ ಅವನು ತಿದ್ದಿಸಿದ. ಒಂದೊಂದಕ್ಕೂ ಒಳಗೊಳಗೇ ಹಿಗ್ಗಿದ.

ಕೊನೆಯಲ್ಲಿ ಅನುಬಂಧ: ಬಿಡುಗಡೆಯಾಗಬೇಕಾದ ಮುನ್ನೂರ ನಲವತ್ತೊಂದು ಮಂದಿಯ ಹೆಸರು. ಮೂಡಿನ ಕೈಯಲ್ಲಿದ್ದವರು ಮೊದಲು, ಪಡುವಿನ ಕೈಯಲ್ಲಿದ್ದವರು ಆಮೇಲೆ. ಎರಡೂ ಪಟ್ಟಿಯಲ್ಲಿ ಅದೇ ಹೆಸರುಗಳು, ಅದೇ ಅಪ್ಪಂದಿರು, ಅದೇ ಅಜ್ಜಂದಿರು. ನಡುವಿನ ತಲೆಬರಹ ತೆಗೆದರೆ ಯಾರು ಯಾರ ಶತ್ರು ಎಂದು ದೇವರಿಗೂ ಹೇಳಲಾಗುತ್ತಿರಲಿಲ್ಲ. ವಸಂತಕುಮಾರ ಇದನ್ನು ಗಮನಿಸಿ ಆ ತಲೆಬರಹವನ್ನು ಬೆರಳಿನಿಂದ ಮುಚ್ಚಿ ನೋಡಿದ. ಅಷ್ಟರಲ್ಲಿ ಸಲೋಮೆ ಎದ್ದು ಅವನ ಮೇಜಿನ ಹತ್ತಿರ ಬಂದಳು. ಮೂರು ದಿನದಲ್ಲಿ ಅವಳ ದನಿ ಇಳಿದದ್ದು ಅದೊಂದೇ ಸಲ.

"ಇನ್ನೂರ ಹನ್ನೆರಡು. ಯೋನಾ ಮಕೇಲಿ. ಮಕೇಲಿಗೆ ಒಂದೇ ಎಲ್. ಎರಡಾದರೆ ನದಿ ದಾಟುವ ಕಡವಿನಲ್ಲಿ ಅವನನ್ನು ಬಿಡುವುದಿಲ್ಲ, ಬೇರೆ ಯಾರೋ ಎನ್ನುತ್ತಾರೆ."

"ನಿಮ್ಮ?"

"ತಮ್ಮ. ನಾಲ್ಕು ವರ್ಷವಾಯಿತು."

ವಸಂತಕುಮಾರ ಆ ಸಾಲನ್ನು ಮೂರು ಸಲ ಓದಿದ. ಒಂದೇ ಎಲ್.

ಗುರುವಾರ ಬೆಳಿಗ್ಗೆ ಹೊಲಿಗೆಯಾಯಿತು. ಅರಗು ಒತ್ತುವ ಮುಂಚೆ ಸಲೋಮೆ ಮತ್ತು ಕ್ಯಾಪ್ಟನ್ ಪ್ರತಿಗಳನ್ನು ಓದಿದರು. ಆದರೆ ತಮ್ಮ ಪ್ರತಿಯನ್ನು ಇಬ್ಬರೂ ಮುಟ್ಟಲಿಲ್ಲ. ಎದುರಿನವರು ಒಯ್ಯುವ ಪ್ರತಿಯಲ್ಲಿ ಏನಾದರೂ ಮೋಸ ಇದೆಯೇ ಎಂದು ನೋಡುವುದೇ ಇಬ್ಬರ ಕಾಳಜಿ. ಸಲೋಮೆ ಮೂಡಿನ ಪ್ರತಿ ಓದಿದಳು, ಕ್ಯಾಪ್ಟನ್ ಪಡುವಿನದ್ದು. ಮೊದಲ ಪುಟದಲ್ಲೇ ಕ್ಯಾಪ್ಟನ್ ಬಹಳ ಹೊತ್ತು ನಿಂತ. ಸಲೋಮೆಯ ಕಡೆ ಒಮ್ಮೆ ನೋಡಿದ. ಮತ್ತೆ ಪುಟ ತಿರುಗಿಸಿದ. ಕಾಗದದ ಗುಣಮಟ್ಟ ಮೆಚ್ಚಿಕೊಂಡನೆಂದು ವಸಂತಕುಮಾರ ಭಾವಿಸಿದ. ಹನ್ನೆರಡೂವರೆಗೆ ಅವರು ಎರಡೂ ಪ್ರತಿಗಳೊಂದಿಗೆ ಹೊರಟರು. ಸಹಿ ಐದು ಗಂಟೆಗೆ. ಆರಕ್ಕೆ ತಾತ್ಕಾಲಿಕ ಕದನವಿರಾಮ ಮುಗಿಯುತ್ತಿತ್ತು.

ಎರಡು ಗಂಟೆಗೆ ಹರ್ಬರ್ಟ್ ಚಹಾಕ್ಕೆ ಇಳಿದು ಬಂದ. ಅವನು ಒಂಬತ್ತನೇ ಮಹಡಿಯ ವಕೀಲರ ಕಚೇರಿಯ ಗುಮಾಸ್ತ, ಶಿರ್ವದವನು. ಮೂರು ವಕೀಲರಿಗಿಂತ ಹೆಚ್ಚು ಕಾನೂನು ತನಗೆ ಗೊತ್ತೆಂದು ನಂಬಿದವನು, ಮತ್ತು ಆ ನಂಬಿಕೆ ಅಷ್ಟೇನೂ ಸುಳ್ಳಲ್ಲ.

"ಇಪ್ಪತ್ತೇಳು ತಪ್ಪು, ಪೊರ್ಬುಗಳೇ," ಎಂದ ವಸಂತಕುಮಾರ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ರೀತಿಯಲ್ಲೇ. "ಸರಕಾರ ಸರಕಾರದ ಮಟ್ಟದಲ್ಲಿ! ಒಂದು ಕಾಪಿಯಲ್ಲಿ ಮೂಡು ಮತ್ತು ಪಡು, ಇನ್ನೊಂದರಲ್ಲಿ ಪಡು ಮತ್ತು ಮೂಡು. ನಾನು ಇಲ್ಲದಿದ್ರೆ ಹಾಗೇ ಹೋಗ್ತಿತ್ತು."

ಹರ್ಬರ್ಟನ ಲೋಟ ಗಾಳಿಯಲ್ಲೇ ನಿಂತಿತು. "ಪಡುವಿನವರ ಕಾಪಿಯಲ್ಲಿ ಪಡು ಮೊದಲು ಇದ್ದದ್ದಾ?"

"ಹೌದು."

"ಮೂಡಿನವರ ಕಾಪಿಯಲ್ಲಿ ಮೂಡು."

"ಹೌದು ಮಾರಾಯ್ರೆ, ಅದನ್ನೇ ಅಲ್ವಾ ಹೇಳ್ತಾ ಇರುದು?"

"ಮಾಷ್ಟ್ರೆ, ಅದು ತಪ್ಪಲ್ಲ. ಅದು ಮರ್ಯಾದೆ." ಹರ್ಬರ್ಟ್ ಲೋಟ ಇಟ್ಟ. "ದೇಶ ದೇಶದ ಒಪ್ಪಂದ ಅಂದ್ರೆ ಹಾಗೇ. ಅವರವರ ಕಾಪಿಯಲ್ಲಿ ಅವರವರ ಹೆಸರು ಮೊದಲು. ಯಾರೂ ಎರಡನೆಯವರು ಆಗ್ಬಾರ್ದು ಅಂತ ಮಾಡಿದ್ದು. ನೀವು ಆಯುಷ್ಯ ಇಡೀ ಮದುವೆ ಕಾಗದ ನೋಡಿದವರಲ್ವಾ? ಹೆಣ್ಣಿನ ಕಡೆಯವರ ಕಾಗದದಲ್ಲಿ ಯಾರ ಹೆಸರು ಮೊದಲು?"

ವಸಂತಕುಮಾರ ಬಾಯಿ ತೆರೆದ. ಚಹಾದ ಎರಡನೇ ಗುಟುಕು ಗಂಟಲಲ್ಲೇ ಇತ್ತು. ಹೆಣ್ಣಿನ ಕಡೆಯ ಕಾಗದದಲ್ಲಿ ಚಿ. ಸೌ. ಮೊದಲು. ಗಂಡಿನ ಕಡೆಯದ್ದರಲ್ಲಿ ಚಿ. ರಾ. ಮೊದಲು. ಮದುವೆ ಒಂದೇ, ಕಾಗದ ಎರಡು. ಒಮ್ಮೆ ಹೊಸ ಕೆಲಸಗಾರನೊಬ್ಬ ಎರಡೂ ಕಡೆಗೆ ಒಂದೇ ಕಾಗದ ಹೊಡೆದದ್ದಕ್ಕೆ ಕಾಪುವಿನ ಹೆಣ್ಣಿನ ಅಪ್ಪ ಮುದ್ರಣಾಲಯದ ಬಾಗಿಲಲ್ಲಿ ನಿಂತು ಮದುವೆಯನ್ನೇ ನಿಲ್ಲಿಸುತ್ತೇನೆಂದು ಕೂಗಿದ್ದ. ಆಗ ಹೊಸಬನಿಗೆ ಬುದ್ಧಿ ಹೇಳಿದವನು ಇದೇ ವಸಂತಕುಮಾರ.

"ಅಬ್ದುಲ್ಲಾಕ!" ಎಂದು ಅವನು ಕರೆದ ದನಿಗೆ ಒಳಗಿನ ಕೋಣೆಯಿಂದ ಅಬ್ದುಲ್ಲ ಚಪ್ಪಲಿಯಿಲ್ಲದೆ ಓಡಿ ಬಂದರು.

ವಿಷಯ ಕೇಳಿ ಅವರು ಮೊದಲು ಮಾಡಿದ್ದು ಷಟರಿನ ಕಡೆ ನೋಡಿದ್ದು. "ಖಲ್ಲಿವಲ್ಲಿ, ಮಾಷ್ಟ್ರೆ. ಬಿಟ್ಟುಬಿಡಿ. ಅವರೇ ಓದಿದ್ದಾರೆ, ಅವರೇ ಸೀಲ್ ಹಾಕಿದ್ದಾರೆ, ಅವರೇ ತಕೊಂಡು ಹೋಗಿದ್ದಾರೆ. ಈಗ ಬಾಯಿ ಬಿಟ್ರೆ ನನ್ನ ಲೈಸೆನ್ಸೂ ಹೋಯ್ತು, ನಿಮ್ಮ ವೀಸಾವೂ ಹೋಯ್ತು."

"ಅಲ್ಲಿ ಸಹಿ ಹಾಕುವಾಗ ನೋಡ್ತಾರೆ. ಎಲ್ಲರ ಎದುರು ನೋಡ್ತಾರೆ. ಪಡುವಿನವರು ಎದ್ದು ಹೋಗ್ತಾರೆ. ಆರು ಗಂಟೆಗೆ ಪುನಃ ಯುದ್ಧ ಶುರು," ಎಂದ ವಸಂತಕುಮಾರ.

"ನೋಡದೇ ಇದ್ರೆ?"

"ಊರಿಗೆ ಹೋದ ಮೇಲೆ ನೋಡ್ತಾರೆ. ಅದು ಇನ್ನೂ ಕಷ್ಟ."

ರೋಜಿ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದಳು: "ಮುನ್ನೂರ ನಲ್ವತ್ತೊಂದು ಜನ, ಅಬ್ದುಲ್ಲಾಕ. ಎಲ್ಲ ಹೆಸರು ನಾನೇ ಓದಿದ್ದು."

ಅಬ್ದುಲ್ಲ ಚಾವಣಿ ನೋಡಿ ಬ್ಯಾರಿ ಭಾಷೆಯಲ್ಲಿ ಒಂದು ಮಾತು ಹೇಳಿದರು. ಅದು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡರು. "ಡೆಲಿವರಿ ನೋಟಿಗೆ ಅವರ ಸಹಿ ಆಗಿಲ್ಲ ಅಲ್ವಾ? ಆ ಪುಸ್ತಕ ಹಿಡ್ಕೊಳ್ಳಿ. ಡೆಲಿವರಿ ನೋಟ್ ಕೈಯಲ್ಲಿದ್ರೆ ಈ ಊರಲ್ಲಿ ನಿಮ್ಮನ್ನು ಯಾರೂ ತಡೆಯುದಿಲ್ಲ."

ಅದು ನಿಜವೇ ಆಯಿತು. ಹೋಟೆಲಿನ ಬಾಗಿಲಲ್ಲಿ ಸಿಪಿಆರ್ ಗುರುತಿನ ಚೀಟಿ ತೋರಿಸಿದರು, ಎಕ್ಸ್‌ರೇ ಯಂತ್ರದಲ್ಲಿ ಚಪ್ಪಲಿ ಕಳಿಸಿದರು, ಮೂರು ಕಡೆ ಪುಸ್ತಕ ಬಿಡಿಸಿ ತೋರಿಸಿದರು. ಮೂರು ಮುಕ್ಕಾಲಿಗೆ ಎರಡನೇ ಮಹಡಿಯ ಕಾರಿಡಾರಿನಲ್ಲಿ ಸಲೋಮೆಯೇ ಎದುರಾದಳು.

ವಸಂತಕುಮಾರ ಡೆಲಿವರಿ ನೋಟಿನ ಪುಸ್ತಕವನ್ನು ಎದೆಗೆ ಒತ್ತಿಕೊಂಡು, ತನಗೆ ಬರುವ ಅಷ್ಟೂ ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳು ಕೂಗಲಿಲ್ಲ. ಗೋಡೆಗೆ ಅಂಗೈ ಊರಿ ನಿಂತಳು.

"ಒಂದಕ್ಷರದ ವ್ಯತ್ಯಾಸ ಇರಬಾರದು ಅಂತ ಹೇಳಿದವಳು ನಾನು," ಎಂದಳು ಕೊನೆಗೆ. "ಬನ್ನಿ ಒಳಗೆ."

ಒಳಗೆ ದೊಡ್ಡ ಸಭಾಂಗಣ. ಎರಡು ಮೇಜು, ನಡುವೆ ಒಂದು ಬಸ್ಸು ನಿಲ್ಲಿಸುವಷ್ಟು ಜಾಗ. ಅವರವರ ಮೇಜಿನಲ್ಲಿ ಅವರವರು ಸಹಿ ಹಾಕುವುದು, ಅಧಿಕಾರಿಗಳು ಪ್ರತಿಗಳನ್ನು ಅಲ್ಲಿಂದಿಲ್ಲಿಗೆ ಒಯ್ಯುವುದು, ಕೈಕುಲುಕುವುದು ಇಲ್ಲವೇ ಇಲ್ಲ ಎಂದು ಮೂರು ವಾರ ಚರ್ಚಿಸಿ ನಿರ್ಧರಿಸಿದ್ದರಂತೆ. ಪಡುವಿನ ಮುಖ್ಯಸ್ಥರು ನಿವೃತ್ತ ನ್ಯಾಯಮೂರ್ತಿ, ಎಂಬತ್ತರ ಹತ್ತಿರದ ಸಪೂರ ಮನುಷ್ಯ. ಮೂಡಿನವರು ಮಾಜಿ ಜನರಲ್. ಕುರ್ಚಿ ತುಂಬುವ ದೇಹ, ಮೊಣಕಾಲು ನೋವಿನ ಕೋಲು.

ಸಲೋಮೆ ಬಗ್ಗಿ ನ್ಯಾಯಮೂರ್ತಿಗಳ ಕಿವಿಯಲ್ಲಿ ಹೇಳಿದಳು. ಅವರು ತಮ್ಮ ಪ್ರತಿ ತರಿಸಿಕೊಂಡು ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು, ಕನ್ನಡಕ ತೆಗೆದು ಎದ್ದು ನಿಂತರು. ಅವರ ಹಿಂದೆ ಹನ್ನೊಂದು ಕುರ್ಚಿಗಳು ಒಟ್ಟಿಗೇ ಸರಿದ ಸದ್ದು ವಸಂತಕುಮಾರನಿಗೆ ಗುಡುಗಿನಂತೆ ಕೇಳಿತು. ಇನ್ನೊಂದೇ ಹೆಜ್ಜೆ ಇಟ್ಟರೆ ಅವರು ಬಾಗಿಲ ಕಡೆ ಹೊರಟಂತೆ.

"ನನಗೆ ಗೊತ್ತಿತ್ತು," ಎಂದರು ಆ ಕಡೆಯಿಂದ ಜನರಲ್.

ಎಲ್ಲರೂ ತಿರುಗಿದರು.

"ಕ್ಯಾಪ್ಟನ್ ಹನ್ನೆರಡೂವರೆಗೆ ಫೋನ್ ಮಾಡಿ ಹೇಳಿದ. ಅವರು ತಮ್ಮ ಪ್ರತಿಯಲ್ಲೂ ನಮ್ಮ ಹೆಸರನ್ನೇ ಮೊದಲು ಬರೆದಿದ್ದಾರೆ ಎಂದ. ನಾನು ನಂಬಲಿಲ್ಲ. ಪುಸ್ತಕ ಇಲ್ಲಿಗೆ ಬಂದ ಮೇಲೆ ನಾನೇ ನೋಡಿದೆ." ಅವರು ಕೋಲನ್ನು ಎರಡು ಕೈಯಲ್ಲಿ ಹಿಡಿದಿದ್ದರು. "ಇದು ನಿಮ್ಮ ಕೆಲಸ ಎಂದುಕೊಂಡೆ, ನ್ಯಾಯಮೂರ್ತಿಗಳೇ. ಇಂಥ ದೊಡ್ಡತನಕ್ಕೆ ನಾವೂ ಏನಾದರೂ ಮಾಡದಿದ್ದರೆ ಹೇಗೆ ಎಂದು ನಿಮ್ಮ ಸೆರೆಯಾಳುಗಳಿರುವ ಶಿಬಿರಕ್ಕೆ ಫೋನ್ ಮಾಡಿದೆ. ಮೊದಲ ಬಸ್ಸು ಒಂದೂವರೆಗೇ ಹೊರಟಿದೆ. ಕಾಯಿಲೆಯವರು, ಗಾಯದವರು, ನಡೆಯಲಾರದವರು. ನಲವತ್ತು ಜನ."

ನ್ಯಾಯಮೂರ್ತಿ ಕನ್ನಡಕವನ್ನು ತಿರುಗಿ ಹಾಕಿಕೊಂಡರು.

"ಅದು ನಾನು ಮಾಡಿದ್ದಲ್ಲ," ಎಂದರು ನ್ಯಾಯಮೂರ್ತಿ. ಸುಳ್ಳು ಹೇಳಲು ಅವರಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಇನ್ನೆಂದೂ ಸಿಗುವಂತಿರಲಿಲ್ಲ.

"ಈಗ ತಿಳಿಯಿತು." ಜನರಲ್‌ರ ಕಣ್ಣು ಮೆಲ್ಲಗೆ ಸರಿದು, ಬಾಗಿಲ ಬಳಿ ಅಂಗಡಿಯ ಡೆಲಿವರಿ ನೋಟು ಅಪ್ಪಿಕೊಂಡಿದ್ದ ವಸಂತಕುಮಾರನ ಮೇಲೆ ನಿಂತಿತು. "ಮಾಡಿದವನು ಇವನು."

ವಸಂತಕುಮಾರನಿಗೆ ಆ ಕ್ಷಣ ಕಂಡದ್ದು ಜನರಲ್ ಅಲ್ಲ. ತಾನು ಎಂದೂ ನೋಡದ ಕೆಂಪು ಮಣ್ಣಿನ ರಸ್ತೆಯಲ್ಲಿ ಒಂದು ಬಸ್ಸು ಧೂಳೆಬ್ಬಿಸಿಕೊಂಡು ನದಿಯ ಕಡೆ ಹೋಗುತ್ತಿತ್ತು. ಒಳಗೆ ನಲವತ್ತು ಜನ. ಅದು ಓಡುತ್ತಿದ್ದುದು ಡೀಸೆಲಿನಿಂದಲ್ಲ, ತನ್ನ ತಪ್ಪಿನಿಂದ. ಬೆನ್ನ ಹಿಂದೆ ಅಬ್ದುಲ್ಲ ಅವನ ತೋಳು ಹಿಡಿದರು.

ಮೂಡಿನ ಕಾನೂನು ಸಲಹೆಗಾರ ಗಂಟಲು ಸರಿಮಾಡಿಕೊಂಡ. "ಬಸ್ಸು ಇನ್ನೂ ಕಡವು ಮುಟ್ಟಿಲ್ಲ. ಬೇಕಾದರೆ ನಿಲ್ಲಿಸಬಹುದು."

"ನಡೆಯಲಾರದವರನ್ನು ದಾರಿಯ ಮಧ್ಯೆ ಇಳಿಸಿ ತಿರುಗಿ ಹತ್ತಿಸಲೇ? ಬಸ್ಸು ಹೊರಟಿತು, ಹೊರಟಿತು." ಜನರಲ್ ಕೋಲು ಕುಟ್ಟಿದರು. "ಆದರೆ ಈ ಪುಸ್ತಕ ತಿದ್ದಿ. ಯಾರೂ ಕೊಡದ ಗೌರವವನ್ನು ನಾನು ಊರಿಗೆ ಒಯ್ಯುವುದಿಲ್ಲ."

ತಿದ್ದುವುದು ಹೇಗೆ ಎಂಬಲ್ಲಿಗೆ ವಕೀಲರು ಬಿದ್ದರು. ಹೊಸದಾಗಿ ಮುದ್ರಿಸೋಣವೆಂದರೆ ವಿಶೇಷ ಕಾಗದ ಮುಗಿದಿತ್ತು. ಹಾಳೆ ಬದಲಿಸೋಣವೆಂದರೆ ಮುದ್ರೆ ಒಡೆಯಬೇಕು. ಒಡೆಯಲು ಎರಡೂ ರಾಜಧಾನಿಗಳ ಅಪ್ಪಣೆ ಬೇಕು. ಅಪ್ಪಣೆಗೆ ಎರಡು ದಿನ. ಗಂಟೆ ನಾಲ್ಕೂ ಇಪ್ಪತ್ತು.

ವಸಂತಕುಮಾರ ಶಾಲೆಯ ಹುಡುಗನಂತೆ ಕೈ ಎತ್ತಿದ.

"ಸರ್. ಹಾಳೆ ತೆಗೆಯುವುದು ಬೇಡ. ಮುದ್ರಣಾಲಯದಲ್ಲಿ ಇದಕ್ಕೆ ಒಂದು ಗುರುತು ಇದೆ. ನಾನು ಹಾಕುತ್ತೇನೆ. ಪ್ರತಿ ಗುರುತಿನ ಪಕ್ಕದಲ್ಲಿ ನೀವಿಬ್ಬರೂ ಚಿಕ್ಕ ಸಹಿ ಹಾಕಿ."

ವಕೀಲರು ಮುಖ ಮುಖ ನೋಡಿಕೊಂಡರು. ಕೈಬರಹದ ತಿದ್ದುಪಡಿಗೆ ಇಬ್ಬರ ಸಹಿಯಿದ್ದರೆ ಕಾನೂನಿನ ಅಡ್ಡಿಯಿಲ್ಲವೆಂದು ಎರಡೂ ಕಡೆಯವರು ಒಪ್ಪಿದರು. ಮೂರು ವಾರದಲ್ಲಿ ಎರಡೂ ಕಡೆಯ ವಕೀಲರು ಐದೇ ನಿಮಿಷದಲ್ಲಿ ಒಪ್ಪಿದ ಸಂಗತಿ ಅದೊಂದೇ ಎಂದು ಸಲೋಮೆ ಆಮೇಲೆ ಹೇಳಿದಳು.

ಆದರೆ ಪುಸ್ತಕ ಒಂದು, ಸಹಿ ಹಾಕುವವರು ಇಬ್ಬರು, ಜಾಗ ಇಪ್ಪತ್ತೇಳು. ಒಂದೊಂದಕ್ಕೂ ಪುಸ್ತಕವನ್ನು ಈ ಮೇಜಿನಿಂದ ಆ ಮೇಜಿಗೆ ಹೊತ್ತರೆ ಆರು ಗಂಟೆ ಇಲ್ಲೇ ಹೊಡೆಯುತ್ತದೆ. ಯಾರು ಯಾರ ಮೇಜಿಗೆ ಹೋಗಬೇಕು? ಆತಿಥ್ಯದ ಅಧಿಕಾರಿಯೊಬ್ಬ ಬೆವರುತ್ತಾ ಕಡತ ತಿರುವಿದ. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನ್ಯಾಯಮೂರ್ತಿ ಎದುರಿನ ಕೋಲನ್ನೂ ಆ ಮೊಣಕಾಲನ್ನೂ ಒಮ್ಮೆ ನೋಡಿದರು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು, ಆ ಬಸ್ಸಿನಷ್ಟು ಜಾಗವನ್ನು ನಡೆದು ದಾಟಿದರು. ಯಾರೋ ಕುರ್ಚಿ ತಂದಿಟ್ಟರು. ಇಬ್ಬರೂ ಒಂದೇ ಬದಿಯಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತರು.

ವಸಂತಕುಮಾರ ಮಧ್ಯೆ ಬಗ್ಗಿ ನಿಂತ. ಮೊದಲ ಹೆಸರಿನ ಮೇಲಿಂದ ಗೆರೆ ಎಳೆದು, ಎರಡರ ನಡುವೆ ಇಳಿಸಿ, ಎರಡನೆಯದರ ಅಡಿಗೆ ತಂದು ಬಿಟ್ಟ. ಮಲಗಿದ ಹಾವಿನಂಥ ಒಂದು ಗೆರೆ.

"ಇದರ ಅರ್ಥ?" ಎಂದರು ನ್ಯಾಯಮೂರ್ತಿ.

"ಇವರು ಅಲ್ಲಿಗೆ, ಅವರು ಇಲ್ಲಿಗೆ, ಸರ್. ಜಾಗ ಬದಲಿಸಿಕೊಳ್ಳಿ ಅಂತ." ಅವನಿಗೆ ಸುಮ್ಮನಿರಲಾಗಲಿಲ್ಲ. "ನಮ್ಮೂರಲ್ಲಿ ಮದುವೆಗೆ ಎರಡು ಕಾಗದ ಸರ್. ಹೆಣ್ಣಿನ ಕಡೆಯವರದ್ದರಲ್ಲಿ ಹೆಣ್ಣಿನ ಹೆಸರು ಮೊದಲು, ಗಂಡಿನ ಕಡೆಯವರದ್ದರಲ್ಲಿ ಗಂಡಿನದ್ದು. ನನಗೆ ಗೊತ್ತಿರಬೇಕಿತ್ತು."

"ಇಲ್ಲಿ ಹೆಣ್ಣಿನ ಕಡೆಯವರು ಯಾರು?" ಎಂದು ನ್ಯಾಯಮೂರ್ತಿ ಗಂಭೀರವಾಗಿಯೇ ಕೇಳಿದರು.

ಜನರಲ್‌ರ ಗಂಟಲಿನಿಂದ ಕೆಮ್ಮಿನಂಥದ್ದೊಂದು ಹೊರಟಿತು. ಅದು ಕೆಮ್ಮಲ್ಲವೆಂದು ಅವರ ಹಿಂದಿದ್ದವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಒಂದು, ಎರಡು, ಮೂರು. ಯಾವ ಪುಟ, ಯಾವ ಸಾಲು ಎಂದು ವಸಂತಕುಮಾರನಿಗೆ ಬಾಯಿಪಾಠ. ಏಳನೆಯದಕ್ಕೆ ಜನರಲ್‌ರ ಪೆನ್ನು ಒಣಗಿತು. ನ್ಯಾಯಮೂರ್ತಿ ತಮ್ಮದನ್ನು ಕೊಟ್ಟರು, ಅಲ್ಲಿಂದ ಮುಂದೆ ಒಂದೇ ಪೆನ್ನು ಎರಡು ಕೈಗಳ ನಡುವೆ ಓಡಾಡಿತು. ಹದಿನಾರನೆಯದು ಗಡಿಯ ಹಳ್ಳಿಗಳ ಹೆಸರಿದ್ದ ಪುಟ. ನ್ಯಾಯಮೂರ್ತಿಗಳ ಬೆರಳು ಒಂದು ಹಳ್ಳಿಯ ಮೇಲೆ ನಿಂತಿತು.

"ಇಲ್ಲಿ ನನ್ನ ಅಜ್ಜಿಯ ಮನೆಯಿತ್ತು."

"ಗೊತ್ತು," ಎಂದರು ಜನರಲ್. "ಗುಡ್ಡದ ಕೆಳಗೆ. ಕೆಂಪು ಚಾವಣಿ."

ಅವರಿಗೆ ಅದು ಹೇಗೆ ಗೊತ್ತು, ಯಾವ ಗುಡ್ಡದ ಮೇಲಿಂದ, ಯಾವ ದುರ್ಬೀನಿನಲ್ಲಿ ನೋಡಿದ್ದು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನ್ಯಾಯಮೂರ್ತಿ ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದರು. ಅಷ್ಟು ಹತ್ತಿರದಿಂದ ವಸಂತಕುಮಾರನಿಗೆ ಇಬ್ಬರ ಉಸಿರೂ ಕೇಳುತ್ತಿತ್ತು, ಒಂದು ಹಗುರ, ಒಂದು ಭಾರ. ಆಮೇಲೆ ನ್ಯಾಯಮೂರ್ತಿ ಸಹಿ ಹಾಕಿ, ಪೆನ್ನನ್ನು ಪಕ್ಕಕ್ಕೆ ಚಾಚಿದರು. ಜನರಲ್ ತೆಗೆದುಕೊಂಡರು.

ಐದೂಕಾಲಿಗೆ ಇಪ್ಪತ್ತೇಳೂ ಮುಗಿದವು. ಒಪ್ಪಂದದ ದೊಡ್ಡ ಸಹಿ ಆಮೇಲೆ, ಐದೂ ಇಪ್ಪತ್ತೆರಡಕ್ಕೆ; ಅಷ್ಟು ಚಿಕ್ಕ ಸಹಿಗಳ ನಂತರ ಅದು ಇಪ್ಪತ್ತೆಂಟನೆಯದರಂತೆ ಸಲೀಸಾಗಿ ಬಿತ್ತು. ಬೇರೆ ಬೇರೆ ಮೇಜಿನಲ್ಲಿ ಕೂರಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಕ್ಯಾಪ್ಟನ್ ಫೋನನ್ನು ಮೇಜಿನ ಮೇಲೆ ಇಟ್ಟು ಸ್ಪೀಕರ್ ಹಾಕಿದ. ಬಸ್ಸು ಕಡವು ಮುಟ್ಟಿತ್ತು. ಸೇತುವೆ ಇಲ್ಲದ್ದರಿಂದ ದಾಟುವುದು ದೋಣಿಯಲ್ಲಿ. ಮೊದಲೇ ಬಂದಿಳಿದಿದ್ದ ಶಾಂತಿಪಾಲಕರ ಅಧಿಕಾರಿಯೊಬ್ಬ ಪಟ್ಟಿ ನೋಡಿ ಒಬ್ಬೊಬ್ಬರನ್ನೇ ದೋಣಿಗೆ ಕರೆಯುತ್ತಿದ್ದ. ಗಾಳಿಯ ಸದ್ದು, ನೀರಿನ ಸದ್ದು, ಅದರ ಮೇಲೆ ಒಂದು ಸಂಖ್ಯೆ, ಒಂದು ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು. ಹದಿನೇಳು. ಎಂಬತ್ತೆಂಟು. ನೂರ ನಲವತ್ತು. ವಸಂತಕುಮಾರನಿಗೆ ಪ್ರತಿಯೊಂದೂ ಗೊತ್ತಿತ್ತು. ಯಾವ ಹೆಸರಿಗೆ ಎಷ್ಟು ಅಕ್ಷರ, ಯಾವುದರಲ್ಲಿ ರೋಜಿ ತೊದಲಿದಳು ಎಂಬುದೂ. ಆದರೆ ಪ್ರತಿ ಹೆಸರಿನ ಬೆನ್ನಿಗೇ ಈಗ ಇನ್ನೊಂದು ದನಿ ಬರುತ್ತಿತ್ತು. ಕೆಲವು ಒಡೆದ ದನಿ, ಕೆಲವು ಪಿಸುಮಾತು, ಒಂದು ಬರೀ ಕೆಮ್ಮು. ಆ ಭಾಷೆ ಅವನಿಗೆ ಬಾರದಿದ್ದರೂ, ಹೇಳುತ್ತಿದ್ದುದು 'ಇದ್ದೇನೆ' ಎಂದು ಯಾರೂ ವಿವರಿಸಬೇಕಿರಲಿಲ್ಲ. ಮೂವತ್ತಮೂರು ವರ್ಷ ಅವನು ಓದಿದ ಲಕ್ಷಾಂತರ ಹೆಸರುಗಳಲ್ಲಿ ಒಂದೂ ತಿರುಗಿ ಮಾತಾಡಿರಲಿಲ್ಲ. ಅಬ್ದುಲ್ಲ ತಲೆಯ ಟೋಪಿ ಸರಿಮಾಡಿಕೊಂಡು ಏನೋ ಮೆಲ್ಲಗೆ ಪಠಿಸುತ್ತಿದ್ದರು.

ಸಲೋಮೆ ಬೆರಳು ಮಡಿಸಿ ಎಣಿಸುತ್ತಿದ್ದಳು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತನೆಯ ಹೆಸರು ಬಂತು, ಉತ್ತರ ಬಂತು, ಫೋನ್ ಕಡಿಯಿತು. ಇನ್ನೂರ ಹನ್ನೆರಡು ಬರಲಿಲ್ಲ.

ವಸಂತಕುಮಾರನಿಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ನೋಡಿದಾಗ ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಮೂರು ದಿನದಲ್ಲಿ ಮೊದಲ ಬಾರಿಗೆ ಅರಳಿತ್ತು.

"ಅವನು ಬಂದಿಲ್ಲ," ಎಂದಳು. "ನಡೆಯಲಾರದವರ ಬಸ್ಸಿನಲ್ಲಿ ಅವನಿಲ್ಲ. ನೀವು ಕೇಳಿದಿರಲ್ಲ? ಅಂದರೆ ಅವನು ನಡೆಯುತ್ತಾನೆ."

ಮೇಜಿನ ಆಚೆಯಿಂದ ಕ್ಯಾಪ್ಟನ್ ಎದ್ದು ಬಂದ. ಕೈಯಲ್ಲಿ ಅನುಬಂಧದ ಹಾಳೆ. ಸಂಖ್ಯೆಯ ಮೇಲೆ ಬೆರಳಿಟ್ಟು ಅವಳಿಗೆ ತೋರಿಸಿದ.

"ಎರಡನೇ ಬಸ್ಸು ನಾಳೆ ಬೆಳಿಗ್ಗೆ ಏಳಕ್ಕೆ," ಎಂದ. ಅವನು ಅವಳೊಡನೆ ಆಡಿದ ಮೊದಲ ಮಾತು ಅದು. "ಈ ಹೆಸರನ್ನು ನಿಮ್ಮ ಕಡೆ ಹೇಗೆ ಹೇಳುವುದು? ಕರೆಯುವವನಿಗೆ ಸರಿಯಾಗಿ ಹೇಳಿಕೊಡಬೇಕು."

ಸಲೋಮೆ ಹೇಳಿದಳು. ಕ್ಯಾಪ್ಟನ್ ಹಾಗೆಯೇ ಹೇಳಲು ನೋಡಿದ, ಒತ್ತು ತಪ್ಪಾಯಿತು. ಅವಳು ತಲೆಯಾಡಿಸಿ ಮತ್ತೆ ಹೇಳಿದಳು, ನಿಧಾನವಾಗಿ. ಅವನು ಮತ್ತೆ ಹೇಳಿದ. ವಸಂತಕುಮಾರ, ಸಹಿಯಾಗದ ಡೆಲಿವರಿ ನೋಟು ಹಿಡಿದುಕೊಂಡು, ಬಾಯಿ ಹಾಕದೆ ನಿಂತಿದ್ದ. ಮೂರನೆಯ ಸಲಕ್ಕೆ ಕ್ಯಾಪ್ಟನ್ ಸರಿಯಾಗಿ ಹೇಳಿದ.